ದೊಡ್ಡವ್ವನ ಒಡಪುಗಳನ್ನು ಲೋಕಕ್ಕೆ ತೋರಿಸಿದ ಕುರಿತು

ಮಾನ್ಯ ಓದುಗರಲ್ಲಿ,

ಮೊಟ್ಟಮೊದಲಿಗೆ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ಮಸ್ಕಿಯ ತಾಲ್ಲೂಕು ಕಚೇರಿಯ ಎದುರಿಗಿರುವ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿಗಳನ್ನು ಟೈಪು ಮಾಡಿಕೊಡುವುದು ನನ್ನ ಕೆಲಸ. ಬೆರಳುಗಳು ಕೀಲಿಮಣೆಗೆ ಒಗ್ಗಿಹೋಗಿರುವುದರಿಂದ ಪೆನ್ನು ಹಿಡಿದರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಇದನ್ನೂ ಅಂಗಡಿಯಲ್ಲಿಯೇ ಟೈಪು ಮಾಡಬಹುದಿತ್ತು. ಆದರೆ ಅಲ್ಲಿ ನನ್ನ ಬೆನ್ನ ಹಿಂದೆ ಸದಾ ಯಾರಾದರೂ ನಿಂತಿರುತ್ತಾರೆ, ಮತ್ತು ಹಾಗೆ ನಿಂತವರಲ್ಲಿ ಬಹಳ ಮಂದಿ ನನ್ನ ದೊಡ್ಡವ್ವನನ್ನು ಫೋನಿನಲ್ಲಿ ನೋಡಿದವರು. ಆದ್ದರಿಂದ ಮನೆಯಲ್ಲಿ ಕುಳಿತು ಕೈಯಿಂದ ಬರೆಯುತ್ತಿದ್ದೇನೆ.

ಅರ್ಜಿಯ ಭಾಷೆಯ ಹೊರತು ಬೇರೆ ಭಾಷೆಯಲ್ಲಿ ಬರೆದು ನನಗೆ ರೂಢಿಯಿಲ್ಲ. ಅರ್ಜಿಯಲ್ಲಿ ವಿಷಯವನ್ನು ಮೇಲೆಯೇ ಹೇಳಬೇಕಾಗುತ್ತದೆ, ಅದರಂತೆ ಹೇಳುತ್ತೇನೆ. ನನ್ನ ಚಾನೆಲ್ಲಿಗೆ ಜನ ಸೇರಿದರು. ನನ್ನ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಒಡಪು ಕಟ್ಟುವುದನ್ನು ನಿಲ್ಲಿಸಿದಳು. ಇವೆರಡರ ನಡುವೆ ನಾನು ಮಾಡಿದ್ದೇನು ಎಂಬುದನ್ನು ಈ ಕೆಳಗೆ ವಿವರಿಸಿದ್ದೇನೆ.

ನಾನು ಚಾನೆಲ್ ತೆರೆದದ್ದು ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳ ಬೇಸರದಿಂದ. ಫೋನಿನಲ್ಲಿ ಪಹಣಿ ತೆಗೆಯುವುದು ಹೇಗೆ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಹೇಗೆ ಎಂದು ಮೊದಲಿಗೆ ತಿಳಿಸಿಕೊಟ್ಟೆ. ಯಾರೂ ನೋಡಲಿಲ್ಲ. ಬಸ್ ನಿಲ್ದಾಣದ ಮಿರ್ಚಿಬಜ್ಜಿಯನ್ನು ತೋರಿಸಿದೆ. ಬಜ್ಜಿಯನ್ನು ತಿಂದವರಿದ್ದರು, ನೋಡಿದವರಿಲ್ಲ. ಕೊನೆಗೆ ಧೈರ್ಯ ಮಾಡಿ ನಾನೇ ಒಂದು ಹಾಡು ಹಾಡಿ ಹಾಕಿದೆ.

"ಅಕ್ಕಾ, ಇದನ್ನ ಇಬ್ಬರು ನೋಡ್ಯಾರ," ಎಂದ ನನ್ನ ತಮ್ಮ. "ಒಬ್ಬಾಕಿ ನೀನು. ಇನ್ನೊಬ್ಬ ನಾನು. ನಾ ತಪ್ಪಿ ಒತ್ತೀನಿ."

"ಹಾಡು ಚಂದ ಇಲ್ಲೇನು?"

"ಚಂದ ಐತಿ. ಧ್ವನಿ ತಗದ್ರ ಇನ್ನಾ ಚಂದ ಆಕ್ಕೈತಿ."

ಚಾನೆಲ್ ಬೆಳೆಸುವ ವಿದ್ಯೆಯನ್ನು ಹೇಳಿಕೊಡುವವರು ಫೋನಿನಲ್ಲಿಯೇ ಬೇಕಾದಷ್ಟು ಇದ್ದಾರೆ. ಊಟ ಮಾಡುತ್ತ, ಬಸ್ಸಿನಲ್ಲಿ ನಿಂತು, ನಾನು ಅವರ ಪಾಠಗಳನ್ನು ಕೇಳಿದೆ. ಮೊದಲ ಮಾತಿಗೇ ನೋಡುವವರ ಬೆರಳು ನಿಲ್ಲಬೇಕು. ಬಂದ ಕಮೆಂಟಿಗೆಲ್ಲ ಉತ್ತರ ಕೊಡಬೇಕು. ನೋಡಿದವರಿಗೆ ಪೂರ್ತಿ ತೃಪ್ತಿಯಾಗಲು ಬಿಡಬಾರದು. ಮುಂದೇನು ಎಂಬ ಹಸಿವನ್ನು ಸ್ವಲ್ಪ ಉಳಿಸಿ ಕಳುಹಿಸಬೇಕು. ಇವೆಲ್ಲವನ್ನೂ ನಾನು ಚೆನ್ನಾಗಿಯೇ ಕಲಿತೆ. ಕಲಿತದ್ದನ್ನು ಹೇರಲು ಒಂದು ಜೀವ ಬೇಕಾಗಿತ್ತು; ಆ ಜೀವ ದೊಡ್ಡವ್ವನ ಊರಾದ ಪಾಮನಕಲ್ಲೂರಿನಲ್ಲಿತ್ತು.

ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಹಾಗೆಯೇ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಕುಬಸ, ತೊಟ್ಟಿಲ ಕಾರ್ಯಗಳಲ್ಲಿ ಉಳಿದ ಹೆಂಗಸರು ಹಟ ಹಿಡಿದಾಗ ಒಂದು ಪ್ರಾಸದ ಪದ್ಯ ಕಟ್ಟಿ, ಅದರ ನಡುವೆ ಹೆಸರನ್ನು ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತೇವೆ. ಹೊಸ ಜೋಡಿ ಮನೆಯೊಳಗೆ ಬರುವಾಗ ಹೊಸ್ತಿಲಿಗೆ ಅಡ್ಡ ನಿಂತು, ಒಡಪು ಹೇಳಿದ ಮೇಲೆಯೇ ದಾರಿ ಬಿಡುವ ಪದ್ಧತಿಯೂ ಇದೆ.

ನನ್ನ ಚಿಕ್ಕಮ್ಮನ ಮಗಳ ಕುಬಸ ಪಾಮನಕಲ್ಲೂರಿನಲ್ಲಿಯೇ ಆಯಿತು. ಏಳು ತಿಂಗಳ ಬಸುರಿಯನ್ನು ಹಸಿರು ಸೀರೆಯುಡಿಸಿ ನಡುವೆ ಕೂರಿಸಿದ್ದರು. ಸುತ್ತ ಕುಳಿತ ಹೆಂಗಸರು ಅವಳಿಂದಲೇ ಆರಂಭಿಸಿದರು.

"ಹೆಸರು ಹೇಳ್ದ ಬಿಡೂದಿಲ್ಲ ನೋಡ್ ಬೇ. ಹೊಟ್ಟ್ಯಾಗಿನ ಕೂಸು ಕೇಳಾಕತ್ತೈತಿ, ನಮ್ಮಪ್ಪ ಯಾರಂತ!"

"ಆ ಕೂಸಿಗೆ ನಿನಕಿಂತ ನಾಚಿಗಿ ಐತಿ, ಸುಮ್ಮನ್ ಕುಂತೈತಿ," ಎಂದು ಮುದುಕಿಯೊಬ್ಬಳು ಹೇಳಿದ ಮೇಲೆ ಎಲ್ಲರೂ ನಕ್ಕರು. ಹೀಗೆ ಸರದಿ ಒಬ್ಬರಿಂದೊಬ್ಬರಿಗೆ ಸಾಗಿತು. ನಾನು ಫೋನು ಹಿಡಿದು ಒಬ್ಬೊಬ್ಬರ ಮುಖದ ಮುಂದೆಯೂ ಕೂರುತ್ತ ಬಂದೆ.

ಇಲ್ಲಿ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ನನ್ನ ದೊಡ್ಡಪ್ಪ, ದೊಡ್ಡವ್ವನ ಗಂಡ, ನಾನು ಸಣ್ಣವಳಿದ್ದಾಗಲೇ ಲಿಂಗಸುಗೂರಿಗೆ ಹೋಗಿ ಅಲ್ಲಿ ಇನ್ನೊಬ್ಬರೊಂದಿಗೆ ಮನೆ ಮಾಡಿದ್ದಾರೆ. ಜಗಳವಾಗಲಿಲ್ಲ, ಪಂಚಾಯಿತಿಯಾಗಲಿಲ್ಲ, ಒಂದು ದಿನ ಹೋದವರು ಬರಲಿಲ್ಲ, ಅಷ್ಟೆ. ದೊಡ್ಡವ್ವ ಕುಂಕುಮವನ್ನೂ ತಾಳಿಯನ್ನೂ ಇಟ್ಟುಕೊಂಡು, ಇದ್ದ ಹೊಲವನ್ನು ತಾನೇ ಮಾಡಿಸುತ್ತ ಉಳಿದಳು. ಅಂದಿನಿಂದ ಯಾವ ಕಾರ್ಯದಲ್ಲಿಯೂ ಒಡಪಿನ ಸರದಿ ಅವಳ ಹತ್ತಿರ ಬಂದಾಗ ಒಳಗಿನಿಂದ ಚಹಾ ಬರುತ್ತಿತ್ತು. ಯಾರೂ ಮೊದಲೇ ಮಾತಾಡಿಕೊಂಡು ಮಾಡಿದ್ದಲ್ಲ. ಬಹಳ ಸಲ ತರುತ್ತಿದ್ದವಳು ನನ್ನ ತಾಯಿ. ಲೋಟಗಳು ಕೈಯಿಂದ ಕೈಗೆ ಹೋಗುವ ಗದ್ದಲದಲ್ಲಿ ಸರದಿ ದೊಡ್ಡವ್ವನನ್ನು ದಾಟಿ ಪಕ್ಕದವಳಿಗೆ ಹೋಗಿರುತ್ತಿತ್ತು. ದೊಡ್ಡವ್ವ ಚಹಾ ಊದಿಕೊಂಡು ಕುಡಿಯುತ್ತಿದ್ದಳು.

ನನಗೆ ಇದು ಗೊತ್ತಿರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಆ ದಿನ ಅವ್ವ ಚಹಾದ ತಾಟು ಹಿಡಿದು ಬಾಗಿಲಿಗೆ ಬಂದಾಗ, ಫೋನಿನ ಪರದೆಯಲ್ಲಿ ದೊಡ್ಡವ್ವನ ಮುಖದ ಮೇಲೆ ಕಿಟಕಿಯ ಬೆಳಕು ಬಹಳ ಚೆನ್ನಾಗಿ ಬಿದ್ದಿತ್ತು.

"ದೊಡ್ಡವ್ವ, ನೀನೂ ಒಂದ್ ಹಾಕು," ಎಂದೆ.

ಅವ್ವ ತಾಟು ಹಿಡಿದು ಅಲ್ಲಿಯೇ ನಿಂತಳು. ದೊಡ್ಡವ್ವ ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಎಲೆಯಡಿಕೆಯನ್ನು ನೋಡುತ್ತ, ಮೊದಲೇ ಸಿದ್ಧ ಮಾಡಿಟ್ಟುಕೊಂಡವಳ ಹಾಗೆ ಹೇಳಿದಳು:

"ಮಸ್ಕಿ ಗುಡ್ಡ ಏರಿ ನೋಡಿದ್ರ ಕಾಣ್ತಾವ ಏಳೂರು,
ಎಲ್ಲೇ ಇರಲಿ ——— ಅವರು, ಅದಽ ನನ್ನೂರು."

ಹೆಂಗಸರು ಒಮ್ಮೆಲೇ ಕೇಕೆ ಹಾಕಿದರು. ಮುದುಕಿ ಕಣ್ಣೊರೆಸಿಕೊಂಡಳು. ಅಡುಗೆಮನೆಯಲ್ಲಿ ಅವ್ವ ನನ್ನ ತೋಳು ಹಿಡಿದು ತಿರುವಿದಳು.

"ಫೋನ್ ಹಿಡದ್ರ ಕಣ್ಣ ಕುರುಡ ಆಕ್ಕಾವೇನ್ ಬೇ ನಿನಗ?"

"ಅಕಿಗೆ ಖುಷಿ ಆತಲ್ಲಬೇ," ಎಂದೆ. ಅದು ನಿಜವೂ ಆಗಿತ್ತು. ಈ ವಿಷಯದಲ್ಲಿ ನನಗೆ ಅತ್ಯಂತ ಕಷ್ಟ ಕೊಡುವುದು ಅದೇ.

ಆ ವಿಡಿಯೊ ಓಡಿತು. ಅದಕ್ಕಿಂತ ಹಿಂದಿನದೆಲ್ಲವನ್ನೂ ಸೇರಿಸಿದರೂ ಸಮನಾಗದಷ್ಟು ಓಡಿತು. ಮರುದಿನ ಬೆಳಿಗ್ಗೆ ಅರ್ಜಿ ಬರೆಸಲು ಬಂದವರೊಬ್ಬರು ತಮ್ಮ ಫೋನಿನಲ್ಲಿದ್ದ ದೊಡ್ಡವ್ವನನ್ನು ನನಗೇ ತೋರಿಸಿ, "ಈ ಅವ್ವ ನಮ್ಮ ತಾಲ್ಲೂಕಿನಾಕಿ ಅಂತರಿ," ಎಂದರು. ಆ ಮಾತಿನ ರುಚಿ ನನಗೆ ಹತ್ತಿತು.

ಭಾನುವಾರಗಳಂದು ನಾನು ಪಾಮನಕಲ್ಲೂರಿನ ಬಸ್ಸು ಹತ್ತತೊಡಗಿದೆ. ದೊಡ್ಡವ್ವ ಖಾಲಿ ಕೈಯಲ್ಲಿ ಕೂತು ಒಡಪು ಹೇಳುವವಳಲ್ಲ. ಮೊರದಲ್ಲಿ ತೊಗರಿ ಇರಬೇಕು, ಇಲ್ಲವೇ ಬಿಡಿಸಲು ಹತ್ತಿ ಇರಬೇಕು. ಕೈ ನಡೆದಾಗ ಬಾಯಿ ನಡೆಯುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನು ಮೊದಲು ಇಟ್ಟು, ಒಂದು ಗಳಿಗೆ ಕೇರಿ, ಕಲ್ಲು ಆರಿಸಿ ಎಸೆದು, ಆಮೇಲೆ ಪ್ರಾಸವನ್ನು ಎಳೆದು ತರುತ್ತಿದ್ದಳು.

"ಇಷ್ಟೆಲ್ಲಾ ಎಲ್ಲಿ ಇಟ್ಟಿದ್ದಿ ದೊಡ್ಡವ್ವ?" ಎಂದು ಕೇಳಿದ್ದೆ.

"ಕೇಳವ್ರ ಇದ್ದಿದ್ರ ಖರ್ಚ ಆಗಿರ್ತಿದ್ದುವು," ಎಂದಳು. "ಯಾರೂ ಕೇಳ್ಲಿಲ್ಲ, ಉಳದಾವು. ಕಳೀ ಕೀಳಾಕ ಹೋದಾಗ ಒಂದು, ನೀರು ಹಾಯ್ಸುವಾಗ ಒಂದು. ನನಗ ನಾನಽ ಹೇಳ್ಕೊಂತಿದ್ದೆ."

ಅವಳು ಹೇಳಿದವುಗಳಲ್ಲಿ ಎಲ್ಲರ ಬಾಯಲ್ಲಿಯೂ ನಿಂತದ್ದು ಇದು:

"ಉಪ್ಪಿಲ್ಲದ ಸಾರಿಗೆ ಹುಣಸಿ ಎಷ್ಟು ಹಾಕಲಿ,
——— ಅವರಿಲ್ಲದ ಮನಿಗೆ ಕದ ಯಾಕ ಹಾಕಲಿ."

ನೋಡಿದವರು ಗಂಡ ಹೊಲಕ್ಕೆ ಹೋಗಿದ್ದಾನೆಂದು ತಿಳಿದುಕೊಂಡರು. ಹಾಗೆ ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, "ಮುಪ್ಪಿನಲ್ಲೂ ಮಾಸದ ಪ್ರೀತಿ" ಎಂದು ಮೇಲೊಂದು ಸಾಲನ್ನು ಹಾಕಿದೆ. ಕಮೆಂಟುಗಳು ಬಂದವು. ಎಂಥ ಪುಣ್ಯವಂತ ಗಂಡ. ಇಂಥ ಜೋಡಿ ನೂರು ವರ್ಷ ಬಾಳಲಿ. ಆಮೇಲೆ ಒಬ್ಬರು ಬರೆದರು: ಯಜಮಾನರನ್ನೂ ತೋರಿಸಿ. ಅದರ ಕೆಳಗೆ ಹಲವರು ಹೌದು ಹೌದು ಎಂದರು. ಪಾಠದಲ್ಲಿ ಕಲಿತಂತೆ ಉತ್ತರ ಕೊಡಲೇಬೇಕಿತ್ತು. ಕಚೇರಿಯವರು ನಮ್ಮ ಗಿರಾಕಿಗಳಿಗೆ ಕೊಡುವ ಉತ್ತರವನ್ನೇ ಕೊಟ್ಟೆ: ಶೀಘ್ರದಲ್ಲಿಯೇ.

ದೊಡ್ಡವ್ವನಿಗೆ ಓದು ಬಾರದು. ಕಮೆಂಟುಗಳನ್ನು ನಾನೇ ಓದಿ ಹೇಳುತ್ತಿದ್ದೆ. ಯಜಮಾನರ ಮಾತು ಬಂದದ್ದನ್ನು ಬಿಟ್ಟು ಉಳಿದವನ್ನು ಓದುತ್ತಿದ್ದೆ.

ಕೆಲವು ತಿಂಗಳಿಗೆ ನೋಡುವವರು ಕಡಿಮೆಯಾಗತೊಡಗಿದರು. ಒಡಪು ಒಂದೇ ತರಹ ಆಯಿತು, ಯಜಮಾನರನ್ನು ತೋರಿಸುತ್ತೇನೆಂದು ಹೇಳಿ ತೋರಿಸಲಿಲ್ಲ, ಎಲ್ಲ ನಾಟಕ ಎಂದು ಒಬ್ಬರು ಬರೆದರು. ಅದೇ ಸಮಯಕ್ಕೆ ಸಿಂಧನೂರಿನ ಒಂದು ಸೀರೆ ಅಂಗಡಿಯವರು ಫೋನು ಮಾಡಿ, ಹೊಸ ಮಹಡಿಯ ಪೂಜೆಗೆ ಅಜ್ಜ-ಅಜ್ಜಿ ಜೋಡಿಯಾಗಿ ಬರಬೇಕೆಂದರು. ಆಗಲಿ ಎಂದೆ. ಜೋಡಿಯೇ ಇಲ್ಲವೆಂದು ಹೇಳಲು ಬಾಯಿ ಬರಲಿಲ್ಲ. ಬದಲಿಗೆ ಒಂದು ದಿನ ಅಂಗಡಿಗೆ ರಜೆ ಹಾಕಿ ಲಿಂಗಸುಗೂರಿಗೆ ಹೋದೆ.

ದೊಡ್ಡಪ್ಪನ ವೆಲ್ಡಿಂಗ್ ಅಂಗಡಿ ರಸ್ತೆಗೇ ಇದೆ, ಹಿಂದೆ ಮನೆ. ನಾನು ನೆನಪಿಟ್ಟುಕೊಂಡಿದ್ದ ಎತ್ತರ ಅವರಲ್ಲಿರಲಿಲ್ಲ. ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ನನ್ನನ್ನು ಗುರುತು ಹಿಡಿದು, ಮೊದಲು ಹೆದರಿದರು.

"ಆಕಿ ಆರಾಮ್ ಅದಾಳಲ್ಲ?"

"ಆರಾಮ್ ಅದಾಳ್ರಿ ದೊಡ್ಡಪ್ಪ."

ಹೆದರಿಕೆ ಇಳಿದ ಮೇಲೆ ಅವರು ವಿಡಿಯೊಗಳ ಮಾತನ್ನು ತಾವೇ ತೆಗೆದರು. ಅವರಿಗೆ ಒಳಗೊಳಗೇ ಹಿಗ್ಗು. "ಮನ್ನಿ ಒಬ್ಬಂವ ಟ್ರ್ಯಾಲಿ ಬೆಸಿಗಿ ಹಾಕ್ಸಾಕ ಬಂದಂವ, ನನ್ನ ಬೋರ್ಡ್ ಓದಿ, ಏನ್ರಿ ಒಡಪಿನ ರಾಯರು ನೀವಽ ಏನು ಅಂದ. ಗಿರಾಕಿ ಬರೂ ಮದ್ಲಽ ನನ್ನ ಹೆಸರು ಬಂದಿರತೈತಿ ನೋಡು."

ಆ ಮನೆಯ ಹೆಂಗಸು, ಅಂದರೆ ದೊಡ್ಡಪ್ಪನ ಈಗಿನ ಮನೆಯವರು, ಚಹಾ ತಂದರು. ಅವರನ್ನು ಏನೆಂದು ಕರೆಯಬೇಕು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ನಿರ್ಧರಿಸಿಲ್ಲವಾದ್ದರಿಂದ ನಾನು "ರೀ" ಎಂದಷ್ಟೇ ಅಂದೆ. ಅವರು ನನ್ನ ಮುಂದೆ ಲೋಟ ಇಟ್ಟು ಗಂಡನ ಕಡೆ ನೋಡಿದರು.

"ನನಗೂ ನಮ್ಮ ಓಣ್ಯಾಗ ಕೇಳ್ತಾರ, ಒಂದ್ ಒಡಪು ಹಾಕು ಅಂತ. ಬರೂದಽ ಇಲ್ಲ. ದಿನಾ ಮಾರಿ ಮುಂದ ಕುಂತಿರತಾನ, ಅರಿವಿ ಒಗಿ ಅಂತಾನ, ಸಾರಿಗೆ ಉಪ್ಪ ಹೆಚ್ಚಾತು ಅಂತಾನ. ಇಂವನ ಹೆಸರಲೆ ಪದ ಎಲ್ಲಿಂದ ಹುಟ್ಟಬೇಕು?"

ನಾನು ನಕ್ಕೆ. ಆಗ ಅದು ಬರೀ ಚಾಷ್ಟಿಯ ಮಾತೆಂದು ತಿಳಿದಿದ್ದೆ.

ಒಂದು ವಿಡಿಯೊಕ್ಕೆ ಬಂದುಹೋಗಬೇಕೆಂದು ದೊಡ್ಡಪ್ಪನನ್ನು ಕೇಳಿಕೊಂಡೆ. ದೊಡ್ಡವ್ವ ಏನಾದರೂ ಅಂದಾಳೇ ಎಂದು ಕೇಳಿದರು. ಏನೂ ಅನ್ನುವುದಿಲ್ಲ ಎಂದೆ. ಆ ಮನೆಯವರು, "ಹೋಗಿ ಬರಲಿ ಬಿಡು, ಸಂಜಿ ಬಸ್ಸಿಗೆ ಹೊಳ್ಳಿ ಬಂದ್ರ ಸಾಕು," ಎಂದರು.

"ನನಗ ಒಡಪು ಬರಂಗಿಲ್ಲಲ್ಲಬೇ," ಎಂದರು ದೊಡ್ಡಪ್ಪ.

"ನಾ ಬರದು ಫೋನಿಗೆ ಕಳಸ್ತೀನ್ರಿ."

ಅಂದು ಸಂಜೆ ಮಸ್ಕಿಯ ಬಸ್ ನಿಲ್ದಾಣದಿಂದಲೇ ದೊಡ್ಡವ್ವನಿಗೆ ಫೋನು ಮಾಡಿದೆ. ಈ ಸಂಭಾಷಣೆಯನ್ನು ಯಾವುದನ್ನೂ ಕೈಬಿಡದೆ ಬರೆಯುತ್ತೇನೆ.

"ದೊಡ್ಡವ್ವ, ಭಾನುವಾರ ದೊಡ್ಡಪ್ಪ ಬರ್ತಾನಂತ."

"ಯಾರು?"

"ದೊಡ್ಡಪ್ಪ."

"ತಡಿ, ಒಲಿ ಮ್ಯಾಲ ಹಾಲು ಐತಿ," ಎಂದು ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. "ಎದಕಂತ?"

"ನಿನ್ನ ನೋಡಾಕಂತ."

"ಅಂವ ಅಂದನಾ, ನೀ ಅಂದ್ಯಾ?"

"ಅಂವನಽ ಅಂದ."

ವಿಡಿಯೊಕ್ಕೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವಳು ನಕ್ಕು ಒಪ್ಪುತ್ತಿದ್ದಳೋ, ಬೈದು ಬೇಡವೆನ್ನುತ್ತಿದ್ದಳೋ, ಎರಡೂ ಅವಳ ಕೈಯಲ್ಲಿರುತ್ತಿತ್ತು. ಆದರೆ ಹೇಳಿದರೆ ಅವಳ ಮುಖದಲ್ಲಿ ನಿಜವಾದದ್ದು ಮೂಡುವುದಿಲ್ಲ ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು. ನೋಡುವವರಿಗೆ ನಿಜವಾದದ್ದೇ ಬೇಕಾಗಿತ್ತು.

ಭಾನುವಾರ ನಾನು ಹೋದಾಗ ಮನೆಗೆ ಸುಣ್ಣ ಬಳಿದಾಗಿತ್ತು. ಅಂಗಳ ಸಾರಿಸಿ, ಹೊಸ್ತಿಲಿಗೆ ಅರಿಶಿಣ ಹಚ್ಚಿದ್ದಳು. ಒಲೆಯ ಮೇಲೆ ಎಣ್ಣೆಗಾಯಿ ಕುದಿಯುತ್ತಿತ್ತು. ಸಜ್ಜೆ ರೊಟ್ಟಿಗಳು ಬಟ್ಟೆಯಲ್ಲಿ ಬೆಚ್ಚಗಿದ್ದವು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಟವಿದೆ. ಅದಕ್ಕೆ ಯಾವಾಗಲೂ ಕುಡಗೋಲು, ಹಗ್ಗ, ಬೀಜದ ಚೀಲ ತೂಗುಹಾಕಿರುತ್ತಿದ್ದಳು. ಅಂದು ಅದು ಬರಿದಾಗಿತ್ತು. ಗೂಟವನ್ನು ಸಹ ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಅದು ದೊಡ್ಡಪ್ಪನ ಅಂಗಿ ತೂಗುಹಾಕಲು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, ಗೂಟವೂ ಚೌಕಟ್ಟಿನೊಳಗೆ ಬರುವಂತೆ ನಿಂತುಕೊಂಡೆ.

ಓಣಿಯ ಹೆಂಗಸರಿಗೆ ಹೊಸ್ತಿಲಿಗೆ ಅಡ್ಡ ನಿಲ್ಲಲು ನಾನೇ ಹೇಳಿಟ್ಟಿದ್ದೆ. ದೊಡ್ಡಪ್ಪ ಬಸ್ಸಿಳಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲಿ ಒಂದು ಬಾಳೆಹಣ್ಣಿನ ಚೀಲ ಹಿಡಿದು ಬಂದರು. ಓಣಿಯ ಹಿರಿಯಳು ತೋಳು ಅಗಲಿಸಿದಳು.

"ನಿಂದ್ರಪಾ ಮದುಮಗ! ದಾರಿ ನೆನಪಿತ್ತೇನು? ಹೆಸರು ಹೇಳ್ದ ಒಳಗ ಕಾಲಿಟ್ರ ಕಾಲ ಮುರಿತೀವಿ."

"ಈ ವಯಸ್ಸಿನಾಗ ಇಂವನ ಕಾಲು ತಾವಽ ಮುರಿತಾವ ಬಿಡು," ಎಂದಳು ಇನ್ನೊಬ್ಬಳು.

ದೊಡ್ಡವ್ವನನ್ನು ಅವರ ಪಕ್ಕಕ್ಕೆ ತಂದು ನಿಲ್ಲಿಸಿದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೈಯಲ್ಲಿ ಮೊರವಿರಲಿಲ್ಲ, ಹತ್ತಿಯಿರಲಿಲ್ಲ. ಮೊದಲ ಬಾರಿಗೆ ಖಾಲಿ ಕೈಯಲ್ಲಿ ನಿಂತು ಹೇಳಿದಳು:

"ಕರದಾಗ ಬರಲಿಲ್ಲ ಮಳಿ, ಕರೀದಽ ಬಂತು ಇವತ್ತ,
——— ಅವರು ಬಂದಾರ, ದಾರಿ ಬಿಡ್ರಿ, ಆಗೇತಿ ಹೊತ್ತ."

ಯಾರೂ ಕರೆಯದೆ ತಾನಾಗಿಯೇ ಬಂದ ಮಳೆಯೆಂದು ಅವಳು ಹೇಳಿದಾಗ, ಕರೆತಂದ ನಾನೇ ಎದುರಿಗೆ ನಿಂತು ಚಿತ್ರ ತೆಗೆಯುತ್ತಿದ್ದೆ. ವಿಡಿಯೊದಲ್ಲಿ ಚಿತ್ರ ಎಲ್ಲಿಯೂ ಅಲುಗಿಲ್ಲ. ಆ ಸಂಗತಿ ನನ್ನನ್ನು ಈಗಲೂ ಕಾಡುತ್ತದೆ.

ಆಮೇಲೆ ದೊಡ್ಡಪ್ಪನ ಸರದಿ. ಅವರು ಗಂಟಲು ಸರಿಮಾಡಿಕೊಂಡು, ಕಿಸೆಯಿಂದ ಫೋನು ತೆಗೆದು, ದೂರ ಹಿಡಿದು ಓದಿದರು:

"ಹಾಲು ಜೇನು ಸೇರಿದಂತೆ ನಮ್ಮ ಸಂಸಾರ,
——— ನನ್ನ ಬಾಳಿಗೆ ಬಂಗಾರದ ಹಾರ."

ಹೆಂಗಸರು ಚಪ್ಪಾಳೆ ಹೊಡೆದರು. ದೊಡ್ಡವ್ವ ತಲೆಯೆತ್ತಿ ಅವರನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಪ್ಪ ಅವಳ ಕಡೆಗಲ್ಲ, ನನ್ನ ಕಡೆಗೆ ತಿರುಗಿದರು.

"ಆತಾ? ಇಲ್ಲಾ ಇನ್ನೊಮ್ಮಿ ಓದ್ಲ್ಯಾ?"

ದೊಡ್ಡವ್ವ ಬಾಯಿ ಮುಚ್ಚಿಕೊಂಡಳು. ಅವರ ಕೈಯಲ್ಲಿದ್ದ ಫೋನನ್ನು ನೋಡಿದಳು, ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಸೆರಗನ್ನು ತಲೆಯಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಕೈಕಾಲ ತೊಳಕೋರಿ, ರೊಟ್ಟಿ ಆರಾಕತ್ತಾವು," ಎಂದು ಒಳಗೆ ಹೋದಳು.

ಕೂಗಾಡಲಿಲ್ಲ, ಅಳಲಿಲ್ಲ. ಬಂದ ನೆಂಟರಿಗೆ ಬಡಿಸುವಂತೆ ಬಡಿಸಿದಳು. ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡಿದಳು. ಆ ಮನೆಯ ಮಕ್ಕಳು ಏನು ಮಾಡುತ್ತಿದ್ದಾರೆಂದು ಕೇಳಿದಳು. ದೊಡ್ಡಪ್ಪ ತಲೆ ತಗ್ಗಿಸಿ ಉಂಡರು.

"ಬಸ್ಸು ಎಷ್ಟಕ್ಕೈತ್ರಿ?" ಎಂದು ಅವಳೇ ಕೇಳಿದಳು.

ದೊಡ್ಡಪ್ಪ ಅಂಗಿ ಬಿಚ್ಚಲಿಲ್ಲ. ಗೂಟ ಹಾಗೆಯೇ ಇತ್ತು. ಅವರು ಹೋದ ಮೇಲೆ ದೊಡ್ಡವ್ವ ಕುಡಗೋಲು, ಹಗ್ಗ, ಬೀಜದ ಚೀಲಗಳನ್ನು ಒಂದೊಂದಾಗಿ ತಂದು ಅದಕ್ಕೆ ಮತ್ತೆ ತೂಗುಹಾಕಿದಳು. ನಂತರ ನನ್ನ ಪಕ್ಕದಲ್ಲಿ ಕುಳಿತು, "ತೋರ್ಸು," ಎಂದಳು.

ತೋರಿಸಿದೆ. ಪೂರ್ತಿ ನೋಡಿದಳು.

"ಅಂವನ ಒಡಪು ನೀ ಬರದಿದ್ದಿ?"

"ಹೂಂ."

"ಗೊತ್ತಾತು. ಅಂವ ಯಾವಾಗ ಹಾಲು ಜೇನು ಅಂದಾನ?" ಎಂದು ಸಣ್ಣಗೆ ನಕ್ಕಳು. ಆಮೇಲೆ, "ಚಂದ ಬಂದೈತಿ. ಹಾಕು."

"ಬ್ಯಾಡ ಬಿಡು ದೊಡ್ಡವ್ವ."

"ಹಾಕು ಬೇ. ಇದರ ಸಲುವಾಗೆಽ ಅಲ್ಲೇನು ಇಷ್ಟೆಲ್ಲಾ?"

ಅವಳು ಅನುಮತಿ ಕೊಟ್ಟಳೆಂದು ನಾನು ಹಾಕಿದೆ. ನನ್ನ ಬಸ್ಸು ಮಸ್ಕಿ ತಲುಪುವ ಮೊದಲೇ ಹಾಕಿದೆ. ಅದು ಅನುಮತಿಯಲ್ಲವೆಂದು ಬಲ್ಲೆ. ಅರ್ಜಿಯ ಅಂಚಿನಲ್ಲಿ ಅಧಿಕಾರಿಗಳು ಸಿಟ್ಟಿನಿಂದ ಸಹಿ ಹಾಕಿದರೂ ಸಹಿ ಸಹಿಯೇ ಎಂದು ನಮ್ಮ ಅಂಗಡಿಯಲ್ಲಿ ಹೇಳುತ್ತೇವೆ; ಆ ಮಾತಿನ ಮರೆಯಲ್ಲಿ ನಿಂತೆ.

ನಾನು ಬಯಸಿದ್ದೆಲ್ಲ ಆಯಿತು. ಬಾಯಿ ತೆರೆದು ಮುಚ್ಚಿದ ಆ ಗಳಿಗೆಯನ್ನು ಜನ ನಾಚಿಕೆಯೆಂದು ಓದಿಕೊಂಡರು. ನಾಚಿದ ಅಜ್ಜಿಯನ್ನು ನೋಡಿ ಎಂದು ಒಬ್ಬರಿಗೊಬ್ಬರು ಕಳುಹಿಸಿದರು. ಸಿಂಧನೂರಿನ ಅಂಗಡಿಗೆ ನಾನೊಬ್ಬಳೇ ಹೋಗಿ, ಹೊಲದ ಕೆಲಸವಿರುವುದರಿಂದ ಇಬ್ಬರೂ ಬರಲಾಗಲಿಲ್ಲವೆಂದು ಇನ್ನೊಂದು ಸುಳ್ಳನ್ನು ಒಪ್ಪಿಸಿ ಬಂದೆ. ಅಲ್ಲಿ ಸೀರೆ ನೋಡಲು ಬಂದಿದ್ದ ಹೊಸ ಮದುವಣಗಿತ್ತಿಯೊಬ್ಬಳು ನನ್ನ ಧ್ವನಿಯ ಮೇಲೆ ಗುರುತು ಹಿಡಿದು, ಕದ ಯಾಕ ಹಾಕಲಿ ಎಂಬ ಒಡಪನ್ನು ತನ್ನ ಗಂಡನ ಹೆಸರು ಸೇರಿಸಿ ಹೇಳಿ ತೋರಿಸಿದಳು. ಅದನ್ನು ಹೇಳಿದರೆ ದೊಡ್ಡವ್ವನಿಗೆ ಸಮಾಧಾನವಾದೀತೆಂದು ಓಡಿ ಬಂದು ಹೇಳಿದೆ.

"ಆಕಿ ಗಂಡ ಮನ್ಯಾಗಽ ಇರ್ತಾನೇನು?"

"ಇರ್ತಾನ."

"ಮತ್ತ ಕದ ಹಾಕ್ಕೊಂಡು ಆರಾಮ್ ಇರು ಅನ್ನು," ಎಂದಳು.

ನಗು ಅವಳಲ್ಲಿ ಇನ್ನೂ ಇದೆ. ಒಡಪು ಇಲ್ಲ. ಆ ಭಾನುವಾರದ ನಂತರವೂ ನಾನು ಹೋದೆ. ಫೋನನ್ನು ಚೀಲದಿಂದ ತೆಗೆಯದೆ ಕೂತೆ. ತೊಗರಿ ಕೇರಿದಳು, ಕಲ್ಲು ಎಸೆದಳು, ಏನೂ ಬರಲಿಲ್ಲ. ನನ್ನ ಮೇಲೆ ಸಿಟ್ಟೇ ಎಂದು ಕೇಳಿದೆ.

"ಸಿಟ್ಟಿಲ್ಲ ಮಗಳಾ. ಬರವಲ್ಲವು. ಇಷ್ಟ್ ವರ್ಷ ಅಂವ ಎಲ್ಲೋ ಇದ್ದ, ಹ್ಯಾಂಗೋ ಇದ್ದ. ನಾ ಏನ್ ಅಂದ್ರೂ ನಡೀತಿತ್ತು. ಈಗ ಹೊಸ್ತಿಲ್ದಾಗ ನಿಂತು ಫೋನ್ ನೋಡಿ ಓದಿದಂವನಽ ಕಣ್ಣಿಗೆ ಬರ್ತಾನ. ಅಂವಗ ಏನ್ ಕಟ್ಟಲಿ?"

ಲಿಂಗಸುಗೂರಿನ ಆ ಮನೆಯವರು ಹೇಳಿದ ಮಾತು ಆಗ ಅರ್ಥವಾಯಿತು. ಚಾಷ್ಟಿಯೆಂದು ನಕ್ಕಿದ್ದೆ.

ಕಳೆದ ವಾರ, ಅಂದು ಕುಬಸ ಮಾಡಿಸಿಕೊಂಡ ತಂಗಿಯ ಮಗುವಿಗೆ ಜವಳ ತೆಗೆಸಿದರು. ಕೂದಲು ತೆಗೆಸಿಕೊಂಡ ಮಗು ಅತ್ತು ಅತ್ತು ಮಲಗಿತ್ತು. ಅದೇ ಪಡಸಾಲೆಯಲ್ಲಿ ಹೆಂಗಸರು ಸುತ್ತ ಕುಳಿತರು. ಈಗ ದೊಡ್ಡವ್ವನನ್ನು ಯಾರೂ ದಾಟಿ ಹೋಗುವುದಿಲ್ಲ. ಎಲ್ಲರಿಗಿಂತ ಮೊದಲು ಅವಳನ್ನೇ ಕೇಳುತ್ತಾರೆ. ನಾನು ಮಾಡಿದ್ದರ ಫಲ ಇದೂ ಹೌದು. ಚಹಾ ತಂದು ಸರದಿ ದಾಟಿಸುತ್ತಿದ್ದ ಆ ಮರ್ಯಾದೆಯನ್ನೂ ಅವಳಿಂದ ಕಿತ್ತುಕೊಂಡಂತಾಯಿತು.

"ಹಾಕವಾ ದೊಡ್ಡಾಕಿ, ನಿನ್ನಿಂದಽ ಸುರು ಆಗ್ಲಿ!"

"ಫೋನಿನಾಗ ಲೋಕಕ್ಕೆಲ್ಲಾ ಹೇಳ್ತಿ, ನಮಗ ಹೇಳಾಕ ದೌಲತ್ತೇನು?"

ದೊಡ್ಡವ್ವ ಮಡಿಲಲ್ಲಿದ್ದ ಎಲೆಯಡಿಕೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಹೆಂಗಸರು ಏನೋ ದೊಡ್ಡದು ಬರುತ್ತದೆಂದು ಕಾದರು. ಒಂದಿಬ್ಬರು ಫೋನು ಎತ್ತಿ ಹಿಡಿದರು. ಅವಳ ತುಟಿ ಅಲುಗಿತು, ನಿಂತಿತು. ಆ ಮುಖ ಕಿಟಕಿಯ ಬೆಳಕಿನಲ್ಲಿಯೇ ಇತ್ತು.

ನಾನು ಎದ್ದೆ. ಅಡುಗೆಮನೆಯಲ್ಲಿ ಚಹಾ ಇನ್ನೂ ಸರಿಯಾಗಿ ಕುದಿದಿರಲಿಲ್ಲ. "ತಡಿ ಬೇ, ಇನ್ನಾ ಆಗಿಲ್ಲ," ಎಂದಳು ಅವ್ವ. ನಾನು ಕೇಳದೆ ಲೋಟಗಳಿಗೆ ಸುರಿದು, ತಾಟನ್ನು ಎತ್ತಿಕೊಂಡು, ಫೋನು ಹಿಡಿದವರಿಗೂ ದೊಡ್ಡವ್ವನಿಗೂ ನಡುವೆ ಹೋಗಿ ಬಗ್ಗಿದೆ. "ಹಿಡೀರಿ, ಹಿಡೀರಿ, ಕೈ ಸುಡಾಕತ್ತೈತಿ," ಎಂದು ಗದ್ದಲ ಮಾಡಿದೆ. ಲೋಟಗಳು ಕೈಯಿಂದ ಕೈಗೆ ಹೋದವು. ಯಾರೋ ಸಕ್ಕರೆ ಕಡಿಮೆಯೆಂದರು. ಸರದಿ ಪಕ್ಕದವಳಿಗೆ ಹೋಯಿತು. ದೊಡ್ಡವ್ವ ಚಹಾ ಊದಿಕೊಂಡು ಕುಡಿದಳು. ನನ್ನ ಕಡೆ ನೋಡಲಿಲ್ಲ. ಖಾಲಿ ಲೋಟವನ್ನು ಮಾತ್ರ ನನ್ನ ಕೈಗೇ ಕೊಟ್ಟಳು.

ವಿಡಿಯೊಗಳು ಇನ್ನೂ ಚಾನೆಲ್ಲಿನಲ್ಲಿವೆ. ಅವನ್ನು ಅಳಿಸುವುದು ಅವಳ ಪದಗಳನ್ನು ಇನ್ನೊಮ್ಮೆ ಕೊಂದಂತೆಯೋ, ಇಟ್ಟುಕೊಳ್ಳುವುದು ಕದ್ದ ಮಾಲನ್ನು ಇಟ್ಟುಕೊಂಡಂತೆಯೋ ನನಗೆ ತಿಳಿಯದಾಗಿದೆ. ಅವಳನ್ನು ಕೇಳಿದರೆ "ನಿನ್ನವು ಅವು, ನಿನಗ ಬಿಟ್ಟದ್ದು" ಎನ್ನುತ್ತಾಳೆ. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ; ಅವಳು ಅದನ್ನು ಯೋಚಿಸಿ ಕೊಟ್ಟದ್ದಲ್ಲ ಎಂದು ನಂಬಿದ್ದೇನೆ.

ಈ ಬರಹವನ್ನು ಓದಿದ ತಾವು ಇದರಲ್ಲಿ ಕಂಡುಬರುವ ಕಾಗುಣಿತದ, ವಾಕ್ಯದ, ನಡವಳಿಕೆಯ ತಪ್ಪುಗಳನ್ನು ದಯವಿಟ್ಟು ತಿದ್ದಬೇಕಾಗಿ ಕೇಳಿಕೊಳ್ಳುತ್ತೇನೆ. ದೊಡ್ಡವ್ವನ ಒಡಪುಗಳನ್ನು ನೆನಪಿನಿಂದ ಬರೆದಿದ್ದೇನೆ. ಅವುಗಳಲ್ಲಿ ತಪ್ಪಿದ್ದರೆ ಅದು ನನ್ನದು, ಅವಳದಲ್ಲ. ಹೆಸರು ಇರಬೇಕಾದ ಕಡೆ ಖಾಲಿ ಜಾಗ ಬಿಟ್ಟಿದ್ದೇನೆ. ಅದು ಮಾತ್ರ ತಪ್ಪಲ್ಲ. ಅದನ್ನು ಯಾರೂ ತುಂಬಬೇಡಿ.